ಚೆಕ್‌-ಇನ್ ಕೌಂಟರ್ ದಾಟುವ ಕಾಗದಪತ್ರ: ನನ್ನ ಅನುಭವ

ಕೆಲಸದ ನಿಮಿತ್ತ ಒಂದೇ ಪ್ರವಾಸದಲ್ಲಿ ಹಲವು ದೇಶಗಳಿಗೆ ಹೋಗಬೇಕಾಗಿ ಬಂದಾಗಲೆಲ್ಲ ನಾನು ಕಾಗದಪತ್ರಗಳ ತಯಾರಿಯನ್ನು ಚೆಕ್‌-ಇನ್ ಕೌಂಟರನ್ನು ಮನಸ್ಸಿನಲ್ಲಿಟ್ಟುಕೊಂಡು ಆರಂಭಿಸುತ್ತೇನೆ. ದಾಖಲೆ ಸರಿಯಿಲ್ಲದ ಪ್ರಯಾಣಿಕರನ್ನು ಕರೆದೊಯ್ದರೆ ವಿಮಾನಯಾನ ಸಂಸ್ಥೆಗೆ ದಂಡ ಬೀಳುವುದುಂಟು. ಅವರನ್ನು ಮರಳಿ ಕರೆತರುವ ಹೊಣೆಯೂ ಅದರ ಮೇಲೆಯೇ ಬೀಳುತ್ತದೆ. ಹೀಗಾಗಿ ಗಡಿಯ ಅಧಿಕಾರಿಗಿಂತ ಮೊದಲು ನಮ್ಮ ಪಾಸ್‌ಪೋರ್ಟನ್ನು ತಿರುವಿ ನೋಡುವವರು ಕೌಂಟರಿನ ಸಿಬ್ಬಂದಿ. ಅವರು ನೆಚ್ಚುವ ಟಿಮ್ಯಾಟಿಕ್ ಎಂಬ ದತ್ತಾಂಶ ವ್ಯವಸ್ಥೆಯು ಪ್ರಯಾಣಿಕನ ಪೌರತ್ವ, ಗಮ್ಯಸ್ಥಾನ ಮತ್ತು ಮಾರ್ಗಮಧ್ಯದ ನಿಲ್ದಾಣಗಳನ್ನು ನೋಡಿ ಉತ್ತರ ಹೇಳುವುದರಿಂದ, ನಾನೂ ಇದೇ ಮೂರನ್ನು ಮೊದಲು ಬರೆದುಕೊಳ್ಳುತ್ತೇನೆ.

ಪಾಸ್‌ಪೋರ್ಟಿನ ಅವಧಿಯ ವಿಷಯದಲ್ಲಿ ‘ಇನ್ನೂ ಆರು ತಿಂಗಳು ಉಳಿದಿರಬೇಕು’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಆದರೆ ಆ ಅವಧಿಯನ್ನು ಯಾವ ದಿನದಿಂದ ಎಣಿಸಬೇಕು ಎಂಬುದು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಷೆಂಗೆನ್ ಪ್ರದೇಶವು (ಪರಸ್ಪರರ ನಡುವೆ ಗಡಿ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಗುಂಪು) ಅಲ್ಲಿಂದ ಹೊರಡುವ ದಿನದ ನಂತರ ಕನಿಷ್ಠ ಮೂರು ತಿಂಗಳ ಅವಧಿಯನ್ನು ಕೇಳುತ್ತದೆ ಮತ್ತು ಪಾಸ್‌ಪೋರ್ಟ್ ಹಿಂದಿನ 10 ವರ್ಷಗಳ ಒಳಗೆ ವಿತರಣೆಯಾಗಿರಬೇಕು ಎನ್ನುತ್ತದೆ. ಬೇರೆ ಬೇರೆ ನಿಯಮಗಳಿರುವ ದೇಶಗಳು ಒಂದೇ ಪ್ರವಾಸದಲ್ಲಿ ಸೇರಿದಾಗ, ನಾನು ಅತ್ಯಂತ ಕಠಿಣವಾದ ನಿಯಮವನ್ನೇ ಇಡೀ ಪ್ರವಾಸಕ್ಕೆ ಅನ್ವಯಿಸಿಕೊಳ್ಳುತ್ತೇನೆ. ಖಾಲಿ ಪುಟಗಳನ್ನು ಎಣಿಸುವುದೂ ಆಗಲೇ.

ನಾನು ಅತಿ ಹೆಚ್ಚು ಸಮಯ ಕೊಡುವುದು ಮಾರ್ಗಮಧ್ಯದ ನಿಲ್ದಾಣಗಳಿಗೆ, ಏಕೆಂದರೆ ಟಿಕೆಟ್ ಅಗ್ಗವಾಗಿ ಕಂಡ ಮಾರ್ಗವೇ ವೀಸಾದ ದೃಷ್ಟಿಯಿಂದ ದುಬಾರಿಯಾಗುವುದು ಇಲ್ಲಿ. ಅಮೆರಿಕದ ಮೂಲಕ ಮೂರನೆಯ ದೇಶಕ್ಕೆ ಹೋಗುವವರೂ ಅಲ್ಲಿ ವಲಸೆ ತಪಾಸಣೆಗೆ ಒಳಗಾಗಬೇಕಾದ್ದರಿಂದ, ಕೇವಲ ವಿಮಾನ ಬದಲಿಸುವುದಕ್ಕೂ ವೀಸಾ ಅಥವಾ ತತ್ಸಮಾನ ಅನುಮತಿ ಬೇಕು. ಷೆಂಗೆನ್ ಪ್ರದೇಶದ ಒಂದು ನಗರದಲ್ಲಿ ಇಳಿದು ಅದೇ ಪ್ರದೇಶದ ಇನ್ನೊಂದು ನಗರಕ್ಕೆ ವಿಮಾನ ಹಿಡಿದರೆ, ಮೊದಲ ನಗರದಲ್ಲೇ ಗಡಿ ದಾಟಿದಂತೆ. ಎರಡು ಪ್ರತ್ಯೇಕ ಟಿಕೆಟ್‌ಗಳಲ್ಲಿ ಪ್ರಯಾಣಿಸುವಾಗ ಲಗೇಜ್ ಪಡೆದು ಮತ್ತೆ ಒಪ್ಪಿಸಲು ಹೊರಗೆ ಬರಬೇಕಾಗಬಹುದು, ಆಗ ಪ್ರವೇಶಾನುಮತಿಯ ಪ್ರಶ್ನೆ ಏಳುತ್ತದೆ. ಈ ಕಾರಣಕ್ಕೆ, ಸ್ವಲ್ಪ ಹೆಚ್ಚು ಹಣ ತೆತ್ತಾದರೂ ಇಡೀ ಮಾರ್ಗಕ್ಕೆ ಒಂದೇ ಟಿಕೆಟ್ ಪಡೆಯುವುದನ್ನೇ ನಾನು ಬಯಸುತ್ತೇನೆ.

ಷೆಂಗೆನ್ ವೀಸಾಗೆ ಅರ್ಜಿ ಸಲ್ಲಿಸಬೇಕಾದದ್ದು ಹೆಚ್ಚು ದಿನ ತಂಗುವ ದೇಶಕ್ಕೆ; ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ 15 ದಿನ ಮುಂಚಿನವರೆಗೆ ಅರ್ಜಿ ಹಾಕಬಹುದಾದರೂ ಆ ಕೊನೆಯ ಗಡುವಿನವರೆಗೆ ನಾನು ಕಾಯುವುದೇ ಇಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ, ವಸತಿಯ ಕಾಯ್ದಿರಿಸುವಿಕೆ, ಬ್ಯಾಂಕ್ ವಿವರ ಮತ್ತು ಉದ್ಯೋಗದ ಪತ್ರಗಳಲ್ಲಿನ ದಿನಾಂಕಗಳು ಪರಸ್ಪರ ತಾಳೆಯಾಗುವಂತೆ ನೋಡಿಕೊಳ್ಳುತ್ತೇನೆ; ಕಾಗದಗಳ ದಪ್ಪಕ್ಕಿಂತ ಈ ತಾಳೆಯೇ ಮುಖ್ಯವೆಂಬುದು ನನ್ನ ಅಭಿಪ್ರಾಯ.

ವೀಸಾ ಕೈಸೇರಿದೊಡನೆ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಪ್ರವೇಶಗಳ ಸಂಖ್ಯೆ ಮತ್ತು ತಂಗಬಹುದಾದ ದಿನಗಳನ್ನು ಓದುತ್ತೇನೆ. ವೀಸಾದ ಅವಧಿಯೂ ತಂಗುವ ಅವಧಿಯೂ ಒಂದೇ ಅಲ್ಲ: ಅಮೆರಿಕದ ವೀಸಾದಲ್ಲಿರುವ ಕೊನೆಯ ದಿನಾಂಕ ಪ್ರವೇಶ ಕೋರಲು ಇರುವ ಗಡುವು ಮಾತ್ರ, ಎಷ್ಟು ದಿನ ಇರಬಹುದೆಂಬುದನ್ನು ಗಡಿಯಲ್ಲಿ ನಿರ್ಧರಿಸುತ್ತಾರೆ. ಷೆಂಗೆನ್‌ನ ಅಲ್ಪಾವಧಿ ನಿಯಮದಂತೆ ಯಾವುದೇ 180 ದಿನಗಳಲ್ಲಿ 90 ದಿನ ಮೀರುವಂತಿಲ್ಲ ಮತ್ತು ಬಂದ ದಿನ, ಹೊರಟ ದಿನ ಎರಡೂ ಎಣಿಕೆಗೆ ಸೇರುತ್ತವೆ. ಹಳೆಯ ಪ್ರಯಾಣಗಳ ದಿನಾಂಕಗಳನ್ನು ನೋಡಿ ಈ ಲೆಕ್ಕವನ್ನು ಹಾಕಿದ ನಂತರವೇ ಮರಳುವ ಟಿಕೆಟ್ಟಿನ ದಿನಾಂಕವನ್ನು ಗೊತ್ತುಮಾಡುತ್ತೇನೆ.