ಸಣ್ಣ ಕೈಗೂ 1911 ಒಗ್ಗಿತು: ಗ್ರಿಪ್ ಸೇಫ್ಟಿ ಜೊತೆ ನನ್ನ ಎರಡು ವರ್ಷ

ಕಳೆದ ತಿಂಗಳ ಐಡಿಪಿಎ (ಆತ್ಮರಕ್ಷಣೆ ಶೈಲಿಯ ಪಿಸ್ತೂಲು ಸ್ಪರ್ಧೆ) ಪಂದ್ಯದಲ್ಲಿ ನನ್ನ 1911 ಪಿಸ್ತೂಲು ಒಂದು ಸಲವೂ ಕೈಕೊಡಲಿಲ್ಲ. ಆರು ಸ್ಟೇಜು, ನೂರು ಚಿಲ್ಲರೆ ಈಡು. ನನ್ನಂಥ ಪಿಸ್ತೂಲುಗಳ ಸಿಡಿಪಿ ವಿಭಾಗದಲ್ಲಿ ಹದಿನಾಲ್ಕೋ ಹದಿನೈದೋ ಜನರಿದ್ದರು, ನಾನು ಮೂರನೆಯವನಾದೆ. "ನಿನ್ನ ಕೈಗೆ ಇದು ಆಗಲ್ಲ, ಮಾರಿಬಿಡು" ಅಂದವರು ಅವತ್ತು ಪಕ್ಕದಲ್ಲೇ ನಿಂತಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಅರಿಜೋನಾದ ಫೀನಿಕ್ಸ್ ಹತ್ತಿರ. ಹುಟ್ಟಿದ್ದು ಕೊಡಗಿನಲ್ಲಿ. ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ, ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿ ಇಡುವುದನ್ನು ನೋಡುತ್ತಾ ಬೆಳೆದವನು. ಕೋವಿ ಗೊತ್ತಿತ್ತು, ಪಿಸ್ತೂಲು ಗೊತ್ತಿರಲಿಲ್ಲ. ಗ್ರೀನ್ ಕಾರ್ಡ್ ಬಂದ ವರ್ಷವೇ ಈ 1911 ಕೊಂಡೆ. ಐದು ಇಂಚಿನ ಬ್ಯಾರೆಲ್, .45 ಎಸಿಪಿ ತೋಟಾ, ಸೀರೀಸ್ 70 ನಮೂನೆ (ಒಳಗೆ ಫೈರಿಂಗ್ ಪಿನ್ ತಡೆ ಇಲ್ಲದ್ದು), ಉದ್ದ ಟ್ರಿಗರ್, ಚಪ್ಪಟೆ ಮೇನ್‌ಸ್ಪ್ರಿಂಗ್ ಹೌಸಿಂಗ್ (ಹಿಡಿಯ ಹಿಂಬದಿಯ ಕೆಳಭಾಗ).

ಮೊದಲ ಪಂದ್ಯದಲ್ಲೇ ಮಾನ ಹೋಯಿತು. ಬಜರ್ ಕೂಗಿತು. ಹೋಲ್‌ಸ್ಟರಿನಿಂದ ತೆಗೆದೆ, ಥಂಬ್ ಸೇಫ್ಟಿ (ಹೆಬ್ಬೆರಳಲ್ಲಿ ಏರಿಸಿ ಇಳಿಸುವ ಸುರಕ್ಷಾ ಸನ್ನೆ) ಕೆಳಗೆ ಒತ್ತಿದೆ, ಹೆಬ್ಬೆರಳನ್ನು ಅದರ ಮೇಲೇ ಇಟ್ಟೆ. ಏಳು ಗಜದ ಗುರಿ. ಟ್ರಿಗರ್ ಒತ್ತಿದರೆ ಗೋಡೆ ಒತ್ತಿದ ಹಾಗೆ. ಸೇಫ್ಟಿ ಇನ್ನೂ ಮೇಲಿದೆ ಅಂದುಕೊಂಡು ಮತ್ತೆ ಒತ್ತಿದೆ. ಅದು ಕೆಳಗೇ ಇತ್ತು. ಹಿಡಿತ ಬಿಟ್ಟು ಮತ್ತೆ ಹಿಡಿದಾಗ ಈಡು ಹಾರಿತು. ಎರಡು ಸೆಕೆಂಡಿಗೂ ಜಾಸ್ತಿ ಹೋಯಿತು. ಹಿಡಿಯ ಹಿಂಬದಿಯಲ್ಲಿ ಗ್ರಿಪ್ ಸೇಫ್ಟಿ ಇದೆ, ಅಂಗೈ ಅದನ್ನು ಒಳಗೆ ಒತ್ತದಿದ್ದರೆ ಟ್ರಿಗರ್ ಅಲುಗುವುದಿಲ್ಲ. ಅದು ಪೂರ್ತಿ ಒಳಗೆ ಹೋಗಿರಲಿಲ್ಲ, ಅಷ್ಟೇ.

ಮನೆಗೆ ಬಂದು ಲೆಕ್ಕ ಹಾಕಿದೆ. ಖಾಲಿ ಪಿಸ್ತೂಲು, ತೋಟಾಗಳೆಲ್ಲ ಬೇರೆ ಕೋಣೆಯಲ್ಲಿ. ಐವತ್ತು ಸಲ ತೆಗೆದು ಒತ್ತಿದರೆ ಆರೇಳು ಸಲ ಟ್ರಿಗರ್ ಸತ್ತಿರುತ್ತಿತ್ತು.

ಸಲಹೆಗೆ ಬರ ಇರಲಿಲ್ಲ. ಮಂಡ್ಯ ಕಡೆಯ ಗೆಳೆಯ ನೇರವಾಗಿ ಹೇಳಿದ: "ಗುರುವೇ, ಸುಮ್ನೆ ಗ್ರಿಪ್ ಸೇಫ್ಟಿನ ಪಿನ್ ಮಾಡಿಸ್ಬಿಡು, ಶಾಶ್ವತವಾಗಿ ಒಳಗೇ ಇರುತ್ತೆ." ಆಗಲ್ಲ ಅಂದೆ. ಐಡಿಪಿಎ ನಿಯಮ ಅದಕ್ಕೆ ಒಪ್ಪುವುದಿಲ್ಲ. ನಿಯಮ ಇಲ್ಲದಿದ್ದರೂ ನಾನು ಮಾಡಿಸುತ್ತಿರಲಿಲ್ಲ. ಪಿಸ್ತೂಲು ಕೈಜಾರಿದಾಗ ಹೆಬ್ಬೆರಳಿನ ನೆನಪಿಲ್ಲದೆ ತಾನೇ ಕೆಲಸ ಮಾಡುವ ಸೇಫ್ಟಿ ಅದೊಂದೇ. 1911 ರೂಪಿಸಿದ ಬ್ರೌನಿಂಗ್‌ನ 1910ರ ಪರೀಕ್ಷಾ ಮಾದರಿಯಲ್ಲಿ ಗ್ರಿಪ್ ಸೇಫ್ಟಿ ಇತ್ತು, ಥಂಬ್ ಸೇಫ್ಟಿ ಇರಲಿಲ್ಲ. ಕುದುರೆ ಪಡೆಯವರು ಕೇಳಿದ ಮೇಲೆ ಅದನ್ನು ಸೇರಿಸಿದರು. ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಪಿಸ್ತೂಲು ಹಿಡಿದವನಿಗೆ ಎರಡೂ ಬೇಕು. ನನಗೂ ಎರಡೂ ಬೇಕು.

ಕ್ಲಬ್ಬಿನ ಹಿರಿಯರೊಬ್ಬರು ಹೆಬ್ಬೆರಳನ್ನು ಥಂಬ್ ಸೇಫ್ಟಿಯ ಕೆಳಗೆ ಇಡು ಅಂದರು. ಇಟ್ಟೆ. ಟ್ರಿಗರ್ ಸಾಯುವುದು ನಿಂತಿತು. ಆದರೆ ಇನ್ನೂರು ಈಡಿನಲ್ಲಿ ಎರಡು ಸಲ ಒದೆತಕ್ಕೆ ಹೆಬ್ಬೆರಳು ತಾಗಿ ಸೇಫ್ಟಿಯೇ ಮೇಲೆ ಹೋಯಿತು. ಒಂದು ರೋಗ ಹೋಗಿ ಇನ್ನೊಂದು ಬಂತು, ಹೆಬ್ಬೆರಳನ್ನು ಮತ್ತೆ ಮೇಲಕ್ಕೇ ತಂದೆ.

ಆಮೇಲೆ ದುಡ್ಡು ಖರ್ಚು ಮಾಡಲು ಶುರು ಮಾಡಿದೆ. ಉಬ್ಬು ಇರುವ ಬೀವರ್‌ಟೇಲ್ (ಬಾಲದ ಹಾಗೆ ಹಿಂದೆ ಚಾಚಿದ ಗ್ರಿಪ್ ಸೇಫ್ಟಿ) ಹಾಕಿಸಿದೆ. ಕೆಲಸ ಸೇರಿ 240 ಡಾಲರ್, ಮೂರು ವಾರ. ಆ ಗನ್‌ಸ್ಮಿತ್ ಫ್ರೇಮನ್ನು ಸ್ವಲ್ಪ ಜಾಸ್ತಿ ಉಜ್ಜಿಬಿಟ್ಟ. ಇವತ್ತಿಗೂ ಅಲ್ಲಿ ಉಗುರು ತೂರುವಷ್ಟು ಸಂದು ಇದೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಐವತ್ತಕ್ಕೆ ಆರೇಳು ಇದ್ದದ್ದು ಮೂರಕ್ಕೆ ಇಳಿಯಿತು. ಮೂರೂ ಜಾಸ್ತಿಯೇ ಅಲ್ವಾ?

ಡೊಂಕು ಮೇನ್‌ಸ್ಪ್ರಿಂಗ್ ಹೌಸಿಂಗ್ ಕೂಡ ತರಿಸಿದೆ, 25 ಡಾಲರ್. ಕೆಲವರಿಗೆ ಅದು ಅಂಗೈ ತುಂಬುತ್ತದಂತೆ. ನನಗೆ ಅದು ಅಂಗೈ ಬುಡವನ್ನು ತಳ್ಳಿ ಮೇಲ್ಭಾಗವನ್ನು ಇನ್ನೂ ದೂರ ಮಾಡಿತು. ಗುರಿ ಬೇರೆ ಮೇಲೆ ಹೋಗುತ್ತಿತ್ತು. ಒಂದೇ ಸಂಜೆಗೆ ಬಿಚ್ಚಿಟ್ಟೆ. ಎರಡೂ ಕಡೆ ಸನ್ನೆ ಇರುವ ಥಂಬ್ ಸೇಫ್ಟಿಗೆ 70 ಡಾಲರ್ ಹೋಯಿತು. ಬಲಗಡೆಯ ಸನ್ನೆ ಬೆರಳ ಗಂಟಿಗೆ ಉಜ್ಜುತ್ತದೆ, ಹೋಲ್‌ಸ್ಟರಿನಲ್ಲಿ ತಾನೇ ಕೆಳಗಿಳಿಯುತ್ತದೆ. ಬಲಗೈಯವರಿಗೆ ಅದು ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಎಡಗೈಯವರ ಮಾತು ಬೇರೆ.

ದಾರಿ ತೋರಿಸಿದ್ದು ಕುಂಕುಮ. ನಿಜವಾಗಿ. ದೇವರ ಮನೆಯ ಭರಣಿಯಿಂದ ಚಿಟಿಕೆ ಕುಂಕುಮ ತೆಗೆದು ಗ್ರಿಪ್ ಸೇಫ್ಟಿಗೆ ಸವರಿದೆ. ಖಾಲಿ ಪಿಸ್ತೂಲನ್ನು ಪಂದ್ಯದಲ್ಲಿ ಹಿಡಿಯುವ ಹಾಗೇ ಹಿಡಿದು ಬಿಟ್ಟೆ. ಕೆಂಪು ಗುರುತು ಅಂಗೈ ನಡುವೆ ಇರಲಿಲ್ಲ. ಹೆಬ್ಬೆರಳ ಬುಡದ ಗಂಟಿನ ಪಕ್ಕದಲ್ಲಿ ಸಣ್ಣ ಗೀಟು, ಅಷ್ಟೇ. ಇಪ್ಪತ್ತು ಸಲ ಮಾಡಿದೆ, ಇಪ್ಪತ್ತೂ ಸಲ ಹಾಗೆಯೇ. ಆಗ ಅರ್ಥವಾಯಿತು. ಉದ್ದ ಟ್ರಿಗರ್ ಮುಟ್ಟಲು ನನ್ನ ಬೆರಳು ಸಾಲುತ್ತಿರಲಿಲ್ಲ. ಅದನ್ನು ಮುಟ್ಟಲು ಇಡೀ ಕೈ ಬಲಕ್ಕೆ ತಿರುಗುತ್ತಿತ್ತು. ಪಿಸ್ತೂಲಿನ ಬೆನ್ನು ಅಂಗೈ ನಡುವೆ ಕೂರುತ್ತಲೇ ಇರಲಿಲ್ಲ. ನಾವೆಲ್ಲ ಗ್ರಿಪ್ ಸೇಫ್ಟಿಯನ್ನೇ ಬೈಯುತ್ತಾ ಕೂತಿದ್ದೆವು. ತಪ್ಪು ಟ್ರಿಗರ್ ಉದ್ದದಲ್ಲಿತ್ತು.

ಅಮೆರಿಕದ ಸೇನೆಗೆ ಇದು ನೂರು ವರ್ಷದ ಹಿಂದೆಯೇ ಗೊತ್ತಿತ್ತು. 1920ರ ದಶಕದಲ್ಲಿ 1911ನ್ನು ತಿದ್ದಿ ಎ1 ರೂಪ ಮಾಡುವಾಗ ಟ್ರಿಗರ್ ಗಿಡ್ಡ ಮಾಡಿದರು, ಟ್ರಿಗರ್ ಹಿಂದೆ ಫ್ರೇಮನ್ನು ಎರಡೂ ಕಡೆ ಕೆತ್ತಿ ಬೆರಳಿಗೆ ಜಾಗ ಬಿಟ್ಟರು. ಈಗಿನ ಪಂದ್ಯದವರು ಉದ್ದ ಟ್ರಿಗರೇ ಚೆಂದ ಅನ್ನುತ್ತಾರೆ. ಗಿಡ್ಡ ಟ್ರಿಗರ್ ಹಾಕಿಸುತ್ತೇನೆ ಅಂದಾಗ "ಅದು ಮ್ಯೂಸಿಯಂ ಸಾಮಾನು" ಅಂತ ನಕ್ಕರು.

ಟ್ರಿಗರ್ 30 ಡಾಲರ್, ಕೂರಿಸಿದ ಕೂಲಿ 50. ಇದನ್ನು ಬೇರೆ ಗನ್‌ಸ್ಮಿತ್ ಹತ್ತಿರ ಮಾಡಿಸಿದೆ. ಟ್ರಿಗರ್ ಬದಲಾದರೆ ಗ್ರಿಪ್ ಸೇಫ್ಟಿ ಅದನ್ನು ತಡೆಯುವ ಜಾಗವೂ ಬದಲಾಗಬಹುದು. ಅದನ್ನು ಮನೆಯಲ್ಲಿ ಅರ ಹಿಡಿದು ನೋಡುವ ಕೆಲಸ ಅಲ್ಲ. ಫಲ: ಐವತ್ತಕ್ಕೆ ಒಂದು.

ಉಳಿದ ಒಂದನ್ನು ತೆಗೆದದ್ದು ತೆಳು ಗ್ರಿಪ್ ಪ್ಯಾನೆಲ್, ಅಂದರೆ ಹಿಡಿಯ ಬದಿಯ ಪಟ್ಟಿ. ಎರಡೂ ಬದಿ ಸೇರಿ ಮೂರೂವರೆ ಮಿಲಿಮೀಟರ್ ಇಳಿಯಿತು. ಗಿಡ್ಡ ಬುಶಿಂಗ್ (ಪ್ಯಾನೆಲ್ ತಿರುಪು ಕೂರುವ ಸಣ್ಣ ಕೊಳವೆ) ಸೇರಿ 70 ಡಾಲರ್. ಇಲ್ಲಿ ನನ್ನದೇ ತಪ್ಪಾಯಿತು. ಹಳೆಯ ಬುಶಿಂಗ್ ಬಿಗಿಯಾಗಿ ಕೂತಿತ್ತು, ಅವಸರದಲ್ಲಿ ತಿರುಗಿಸಿ ಫ್ರೇಮಿನ ತಿರುಪಿನ ಮರೆ (ಥ್ರೆಡ್) ಹಾಳು ಮಾಡಿದೆ. ದಪ್ಪ ಬುಶಿಂಗ್ ಹಾಕಿಸಲು ಇನ್ನೊಂದು 60. ಒಟ್ಟು ಐನೂರೈವತ್ತರ ಹತ್ತಿರ ಹೋಯಿತು. ಕೆಲಸಕ್ಕೆ ಬಂದದ್ದು ನೂರೈವತ್ತರದ್ದು ಮಾತ್ರ.

ಮತ್ತೆ ಕುಂಕುಮ ಹಚ್ಚಿ ನೋಡಿದೆ. ಗುರುತು ಅಂಗೈ ನಡುವೆ, ಉದ್ದಕ್ಕೆ ತುಂಬಿ ಬಂತು. ಖಾಲಿ ಅಭ್ಯಾಸ ನಾನೂರು ಸಲ: ಸೊನ್ನೆ. ಬೆನ್ ಏವರಿ ರೇಂಜಿನಲ್ಲಿ 230 ಗ್ರೇನ್ ತೂಕದ ಗುಂಡು ಸಾವಿರದ ನೂರರಷ್ಟು ಹಾರಿಸಿದೆ: ಸೊನ್ನೆ. ಎಡಗೈ ಬುಡವನ್ನು ಪ್ಯಾನೆಲ್ ಮೇಲೆ ಎಲ್ಲಿ, ಯಾವ ಕೋನದಲ್ಲಿ ಒತ್ತುತ್ತೇನೆ ಅನ್ನುವುದೂ ಇದರಲ್ಲಿ ಒಂದು ಪಾಲು. ಅದನ್ನು ಮುಂದಿನ ದೊಡ್ಡ ಪಂದ್ಯ ಮುಗಿಯುವ ತನಕ ಹೇಳುವುದಿಲ್ಲ.

ಇದರ ನಡುವೆ ಗೆಳೆಯರ ಪಿಸ್ತೂಲುಗಳಿಗೂ ಕುಂಕುಮ ಹಚ್ಚಿದೆ. ಒಬ್ಬನದರಲ್ಲಿ ಫೈರಿಂಗ್ ಪಿನ್ (ತೋಟಾದ ಬುಡಕ್ಕೆ ಹೊಡೆಯುವ ಕಡ್ಡಿ) ತಡೆಯನ್ನು ಗ್ರಿಪ್ ಸೇಫ್ಟಿಯೇ ಎತ್ತುತ್ತದೆ. ನನ್ನಂಥ ಕೈಗೆ ಅದು ಇನ್ನೂ ಕಷ್ಟ. ಅರ್ಧ ಒತ್ತಿದರೆ ಹ್ಯಾಮರ್ ಬೀಳಬಹುದು, ಪಿನ್ ಮಾತ್ರ ಮುಂದೆ ಹೋಗದು. ಅದನ್ನು ಜೋಡಿಸುವಾಗ ಗ್ರಿಪ್ ಸೇಫ್ಟಿ ಒತ್ತಿಕೊಂಡೇ ಸ್ಲೈಡ್ ತಳ್ಳಿದರೆ ಆ ತಡೆಯ ಪ್ಲಂಜರಿಗೆ (ಸಣ್ಣ ಗೂಟಕ್ಕೆ) ಪೆಟ್ಟು ಬೀಳುತ್ತದೆ. 1911ರ ಇನ್ನೊಂದು ನಮೂನೆಯಾದ ಸೀರೀಸ್ 80ರಲ್ಲಿ ಆ ತಡೆಯನ್ನು ಟ್ರಿಗರ್ ಎತ್ತುತ್ತದೆ, ಅದೇ ವಾಸಿ. 80ರ ಟ್ರಿಗರ್ ಕೆಟ್ಟದು ಅಂತ ಎಲ್ಲರೂ ಹೇಳುತ್ತಾರೆ. ಒಳ್ಳೆಯ ಕೈಯಲ್ಲಿ ತಯಾರಾದ 80 ಮತ್ತು ನನ್ನ 70, ಕಣ್ಣು ಮುಚ್ಚಿ ಒತ್ತಿದರೆ ನನಗೆ ವ್ಯತ್ಯಾಸ ಸಿಗಲಿಲ್ಲ. ದಿನವೂ ಸೊಂಟದಲ್ಲಿ ಇಟ್ಟುಕೊಳ್ಳುವವರು 80 ತೆಗೆದುಕೊಳ್ಳಲಿ.

ಬ್ರೌನಿಂಗ್ ಹೈ-ಪವರ್ ಪಿಸ್ತೂಲನ್ನೂ ಹಿಡಿದು ನೋಡಿದೆ. ನಮ್ಮ ಇಛಾಪುರ ಕಾರ್ಖಾನೆಯಲ್ಲಿ ಸೇನೆಗೆ ಮಾಡಿದ 9 ಎಂಎಂ 1ಎ ಅದೇ ಕುಲದ್ದು. ಗ್ರಿಪ್ ಸೇಫ್ಟಿ ಇಲ್ಲ, ಹದಿಮೂರು ತೋಟಾ ಹಿಡಿದರೂ ಹಿಡಿ ಕೈತುಂಬ ಕೂರುತ್ತದೆ. ಆದರೆ ಹಳೆಯದರ ಥಂಬ್ ಸೇಫ್ಟಿ ಕಡಲೆಬೀಜದಷ್ಟು. ಮ್ಯಾಗಜೀನ್ ತೆಗೆದರೆ ಟ್ರಿಗರ್ ಕೆಲಸ ಮಾಡದ ಏರ್ಪಾಡು ಒತ್ತನ್ನು ಮರಳು ಮರಳಾಗಿಸುತ್ತದೆ. ನನಗೆ 1911ರ ಥಂಬ್ ಸೇಫ್ಟಿಯೇ ಇಷ್ಟ. ಹೆಬ್ಬೆರಳು ಎಲ್ಲಿ ಬೀಳಬೇಕೋ ಅಲ್ಲೇ ಇದೆ.

ಹಾಫ್-ಕಾಕ್ (ಹ್ಯಾಮರ್ ಅರ್ಧದಲ್ಲಿ ನಿಲ್ಲುವ ಜಾಗ) ಬಗ್ಗೆ ಒಂದೇ ಮಾತು. ಅದು ಹ್ಯಾಮರ್ ಜಾರಿದರೆ ಹಿಡಿಯಲು ಇರುವ ಮೆಟ್ಟಿಲು, ಅದನ್ನು ಸೇಫ್ಟಿ ಅಂತ ಬಳಸಬೇಡಿ. ಚೇಂಬರಿನಲ್ಲಿ ತೋಟಾ ಇರುವಾಗ ಹ್ಯಾಮರನ್ನು ಹೆಬ್ಬೆರಳಲ್ಲಿ ಇಳಿಸುವುದನ್ನು ನಾನು ಮಾಡುವುದೇ ಇಲ್ಲ.

ಪ್ರತಿ ಪಂದ್ಯದ ಹಿಂದಿನ ರಾತ್ರಿ ಖಾಲಿ ಪಿಸ್ತೂಲಿನ ಎರಡೂ ಸೇಫ್ಟಿ ನೋಡುತ್ತೇನೆ. ಥಂಬ್ ಸೇಫ್ಟಿ ಮೇಲೆ ಹಾಕಿ, ಟ್ರಿಗರ್ ಒತ್ತಿ ಬಿಟ್ಟು, ಸೇಫ್ಟಿ ಇಳಿಸಿ, ಹ್ಯಾಮರನ್ನು ಕಿವಿ ಹತ್ತಿರ ಮೆಲ್ಲಗೆ ಹಿಂದೆ ಎಳೆಯುತ್ತೇನೆ. ಟಿಕ್ ಅಂದರೆ ಸಿಯರ್ (ಹ್ಯಾಮರನ್ನು ಹಿಡಿದಿಡುವ ಕೊಕ್ಕೆ) ಅಲುಗಿದೆ, ಸೇಫ್ಟಿ ಸರಿಯಾಗಿ ತಡೆಯುತ್ತಿಲ್ಲ ಅಂತ ಅರ್ಥ. ಗ್ರಿಪ್ ಸೇಫ್ಟಿಗೂ ಹಾಗೆಯೇ.

ಮಂಡ್ಯದ ಗೆಳೆಯ ಹೋದ ವಾರ ಫೋನ್ ಮಾಡಿದ್ದ. ಅವನ ಹೆಂಡತಿಯೂ ಪಂದ್ಯಕ್ಕೆ ಬರುತ್ತಾಳಂತೆ, ಅವಳ ಕೈ ನನಗಿಂತ ಸಣ್ಣದು. ಗಿಡ್ಡ ಟ್ರಿಗರ್ ಎಲ್ಲಿ ತರಿಸಿದೆ ಅಂತ ಕೇಳಿದ. ಮೊದಲು ಕುಂಕುಮ ತಗೊಂಡು ಭಾನುವಾರ ಇಬ್ಬರೂ ಮನೆಗೆ ಬನ್ನಿ ಅಂದಿದ್ದೇನೆ.