ಮರೆವಿಗೆ ತೆರುತ್ತಿದ್ದ ದಂಡ ಕಡಿಮೆಯಾದದ್ದು ಹೀಗೆ

ಎಡಿಎಚ್‌ಡಿ (ಗಮನ ಕೊರತೆ ಮತ್ತು ಅತಿಚಟುವಟಿಕೆಯ ಸ್ಥಿತಿ) ಇರುವವರ ಖರ್ಚಿನಲ್ಲಿ ಲೆಕ್ಕಕ್ಕೆ ಸಿಗದ ಬಾಬತ್ತೊಂದು ಇರುತ್ತದೆ: ತಡವಾದ ಬಿಲ್ಲಿನ ಬಡ್ಡಿ, ಮನೆಯಲ್ಲಿದ್ದರೂ ಮತ್ತೆ ಕೊಂಡ ಚಾರ್ಜರ್, ಫ್ರಿಜ್ಜಿನ ತಳದಲ್ಲಿ ಕೊಳೆತ ಬಸಳೆ. ಇದನ್ನು ಸೋಮಾರಿತನ ಎನ್ನುವವರ ಮೇಲೆ ನನಗೆ ಸಿಟ್ಟಿದೆ. ಗಮನವನ್ನು ಬೇಕಾದ ಕಡೆ ನಿಲ್ಲಿಸುವುದು, ಸಮಯವನ್ನು ಅಂದಾಜಿಸುವುದು ಕಷ್ಟವಾಗುವ ಈ ಸ್ಥಿತಿ ಬಾಲ್ಯದಲ್ಲೇ ಶುರುವಾಗುತ್ತದೆ. ಅನೇಕರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ.

ಕಾಸರಗೋಡಿನಿಂದ ಮಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವ ನನ್ನನ್ನು ಹೆಚ್ಚು ಕಾಡಿದ್ದು ಸೀಸನ್ ಟಿಕೆಟ್. ಅವಧಿ ಮುಗಿದದ್ದು ಗೊತ್ತಾಗದೆ ಹತ್ತಿದರೆ ಪ್ರಯಾಣದರದ ಜೊತೆಗೆ ದಂಡವನ್ನೂ ತೆರಬೇಕು. ಹಾಗಾಗಿ ತಿಂಗಳ ಪಾಸು ಬಿಟ್ಟು ಮೂರು ತಿಂಗಳದ್ದಕ್ಕೆ ಬಂದೆ. ಅದರ ದರ ತಿಂಗಳ ಪಾಸಿನ 2.7 ಪಟ್ಟು ಮಾತ್ರ. ನವೀಕರಣ ವರ್ಷಕ್ಕೆ 12 ಸಲದಿಂದ ನಾಲ್ಕು ಸಲಕ್ಕೆ ಇಳಿಯಿತು.

ಕೇರಳದಲ್ಲಿ ಮನೆಯ ವಿದ್ಯುತ್ ಬಿಲ್ಲು ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ಬರುತ್ತದೆ. ಮರೆಯಲು ಆ ಅಂತರ ಸಾಕು. ಅದೀಗ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಅಲಾರಂ ನನಗೆ ಒಗ್ಗಲಿಲ್ಲ. ಅದನ್ನು ಆರಿಸಿದ ಕ್ಷಣವೇ ಕೆಲಸ ಮುಗಿಯಿತೆಂದು ಮನಸ್ಸು ನಂಬಿಬಿಡುತ್ತದೆ.

ಅಡುಗೆಮನೆಯಲ್ಲಿ ಜಾಗ ಅದಲುಬದಲು ಮಾಡಿದೆ. ಉಪ್ಪಿನಕಾಯಿ, ಸಾಸ್ ಬಾಟಲಿಗಳು ಫ್ರಿಜ್ಜಿನ ತಳದ ಡ್ರಾಯರಿಗೆ ಹೋದವು. ಬಸಳೆ, ಹರಿವೆ ಕಣ್ಣಿನ ಎತ್ತರದ ತಟ್ಟೆಗೆ, ಪಾರದರ್ಶಕ ಡಬ್ಬಿಯಲ್ಲಿ ಬಂದವು. ಸೊಪ್ಪು ಬಾಗಿಲು ತೆಗೆದೊಡನೆ ಕಾಣುವುದರಿಂದ ಬಾಡುವ ಮೊದಲೇ ಸಾಂಬಾರಿಗೆ ಬೀಳುತ್ತಿದೆ.

ವೈದ್ಯರು ಬರೆದುಕೊಟ್ಟ ಔಷಧ ಗಮನಕ್ಕೆ ನೆರವಾಗಿದೆ, ಆದರೆ ಬಿಲ್ಲನ್ನು ಅದು ಕಟ್ಟುವುದಿಲ್ಲ. ನೀವು ಶುರುಮಾಡುವುದಾದರೆ ಮೊದಲು ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟು ದಂಡ, ಬಡ್ಡಿ, ಬಳಸದ ಚಂದಾಗಳ ಕೆಳಗೆ ಗೆರೆ ಎಳೆಯಿರಿ. ಅತಿ ದೊಡ್ಡ ಮೊತ್ತ ಯಾವುದೋ ಅದೊಂದನ್ನೇ ಈ ತಿಂಗಳು ಸರಿಪಡಿಸಿ.