ಹಗುರ ರೈಫಲ್‌ನ ಗುಂಡು ಚದುರುತ್ತಿತ್ತು, ಸರಿಯಾಯಿತು

ಅಮೆರಿಕದ ಕೊಲರಾಡೋದ ಬೆಟ್ಟ ಹತ್ತಿ ಎಲ್ಕ್ ಅನ್ನೋ ದೊಡ್ಡ ಜಿಂಕೆಯ ಬೇಟೆಗೆ ಹೋಗಲು ಆರು ಪೌಂಡಿನ, .308 ಅಳತೆಯ ತೋಟಾ ಹಾರಿಸುವ ರೈಫಲ್ ತಗೊಂಡಿದ್ದೆ. 100 ಗಜದಲ್ಲಿ ಮೊದಲ ಎರಡು ಗುಂಡು ಅಂಟಿಕೊಂಡಂತೆ ಬೀಳುತ್ತಿದ್ದವು. ಐದನೆಯದು ಎರಡು ಇಂಚು ಬಲಕ್ಕೆ! ತೋಟಾಗಳನ್ನು ನಾನೇ ತುಂಬಿಕೊಳ್ಳುತ್ತೇನೆ, ಹಾಗಾಗಿ ಎರಡು ತಿಂಗಳು ಸುಮ್ನೆ ಅದರೊಳಗಿನ ಸಿಡಿಮದ್ದಿನ ತೂಕ ಬದಲಿಸುತ್ತಾ ಕೂತೆ. ತಪ್ಪು ಅಲ್ಲಿರಲಿಲ್ಲ.

ಒಂದು ಸಂಜೆ ರೈಫಲ್ ಖಾಲಿ ಇದೆ ಅಂತ ಎರಡು ಸಲ ನೋಡಿ, ಡಾಲರ್ ನೋಟನ್ನು ಬ್ಯಾರಲ್ (ಗುಂಡು ಹೊರಡುವ ನಳಿಕೆ) ಮತ್ತು ಸ್ಟಾಕ್ (ಅದನ್ನು ಕೂರಿಸಿದ ಮರದ ಭಾಗ) ನಡುವೆ ತೂರಿಸಿದೆ. ಎರಡು ಇಂಚು ಹೋಗಿ ನಿಂತುಬಿಟ್ಟಿತು. ಮರ ಬ್ಯಾರಲ್‌ಗೆ ಒತ್ತುತ್ತಿತ್ತು. ತೆಳು ಬ್ಯಾರಲ್ ಬೇಗ ಕಾಯುತ್ತದೆ ಅಲ್ವಾ, ಕಾದಂತೆಲ್ಲ ಆ ಒತ್ತಡ ಗುಂಡಿನ ದಿಕ್ಕು ತಪ್ಪಿಸುತ್ತಿತ್ತು. ಮರಳು ಕಾಗದದಲ್ಲಿ ಆ ಜಾಗ ನಿಧಾನಕ್ಕೆ ಉಜ್ಜಿದೆ. ನೋಟು ಸಲೀಸಾಗಿ ಓಡಾಡಿದ ಮೇಲೆ ಮರಕ್ಕೆ ಎಣ್ಣೆ ಹಚ್ಚಿ, ಸ್ಕ್ರೂಗಳನ್ನು ತಯಾರಕರು ಹೇಳಿದಷ್ಟೇ ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲಿ ಬಿಗಿದೆ.

ಆಮೇಲೆ ಲೋಡ್ ಕಡೆ, ಅಂದ್ರೆ ತೋಟಾದೊಳಗೆ ಏನು ಎಷ್ಟು ತುಂಬಬೇಕು ಅನ್ನೋದರ ಕಡೆ ತಿರುಗಿದೆ. ಮದ್ದು ಕೈಪಿಡಿಯ ಕನಿಷ್ಠ ಅಳತೆಯಿಂದ ಶುರು, ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಗುಂಡು ಹಾರಿಸಿ, ಬ್ಯಾರಲ್ ಕೈಗೆ ತಣ್ಣಗಾಗುವವರೆಗೆ ಕಾಯುತ್ತಿದ್ದೆ. ಈಗ ಮೂರೂ ಒಂದು ಇಂಚಿನೊಳಗೆ. ಬೇಟೆಯಲ್ಲಿ ತಣ್ಣನೆ ಬ್ಯಾರಲ್‌ನ ಮೊದಲ ಗುಂಡೇ ಮುಖ್ಯ, ಅದಕ್ಕೇ ಪ್ರತಿ ದಿನದ ಮೊದಲ ಗುಂಡಿನ ಗುರುತನ್ನು ಬೇರೆ ಹಾಳೆಯಲ್ಲಿ ಇಡುತ್ತಿದ್ದೇನೆ.